ಮಣ್ಣು, ತುಕ್ಕು, ಚಿಂದಿ: ಕುರಮಾಯೆ ಶಾಲೆಯ ಕಥೆ

1870ರಲ್ಲಿ ಜಪಾನಿನ ಕ್ಯೂಶು ದ್ವೀಪದ ಅರಿತಾ ಎಂಬ ಕುಂಬಾರರ ಊರಿಗೆ ಜರ್ಮನಿಯ ಮೇಷ್ಟ್ರೊಬ್ಬರು ಬಂದರು. ಹೆಸರು ಗಾಟ್‌ಫ್ರೀಡ್ ವಾಗೆನರ್. 1831ರಲ್ಲಿ ಹ್ಯಾನೋವರ್‌ನಲ್ಲಿ ಹುಟ್ಟಿದವರು, ಗಾಟಿಂಗೆನ್‌ನಲ್ಲಿ ಮಹಾ ಗಣಿತಜ್ಞ ಗೌಸ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದವರು. ಜಪಾನಿಗೆ ಅವರನ್ನು ಕರೆತಂದದ್ದು ಗಣಿತವಲ್ಲ, ನಾಗಾಸಾಕಿಯಲ್ಲಿ ಒಂದು ಸಾಬೂನು ಕಾರ್ಖಾನೆ ಹಾಕುವ ಕೆಲಸ. ಅದು ಕೈಗೂಡಲಿಲ್ಲ. ಆಗ ಸಾಗಾ ಸಂಸ್ಥಾನದವರು, ನಮ್ಮ ಪಿಂಗಾಣಿ ಕೆಲಸಕ್ಕೆ ನೆರವಾಗಿ ಎಂದು ಅವರನ್ನು ಅರಿತಾಗೆ ಕರೆಸಿಕೊಂಡರು.

ಅರಿತಾದ ಕುಂಬಾರರಿಗೆ ಪಿಂಗಾಣಿ ಹೊಸದೇನಲ್ಲ. ಇನ್ನೂರೈವತ್ತು ವರ್ಷಗಳಿಂದ ಅವರು ಅದನ್ನು ಸುಡುತ್ತಿದ್ದರು. ಅವರ ತಟ್ಟೆಗಳು ಡಚ್ ಹಡಗುಗಳಲ್ಲಿ ಯುರೋಪಿನ ಅರಮನೆಗಳಿಗೆ ಹೋಗಿದ್ದವು. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಉದ್ದನೆಯ ಆವಿಗೆಗಳಿಗೆ ಸೌದೆ ತುಂಬುತ್ತಾ ಬೆಂಕಿಯ ಬಣ್ಣವನ್ನು ಕಣ್ಣಿನಲ್ಲೇ ಅಳೆಯುವುದು ಅವರ ವಿದ್ಯೆ. ವಾಗೆನರ್ ಅಲ್ಲಿ ಕಲ್ಲಿದ್ದಲಿನಿಂದ ಉರಿಯುವ ಆವಿಗೆ ಕಟ್ಟಿ ನೋಡಿದರು. ನೀಲಿ ಚಿತ್ತಾರಕ್ಕೆ ದುಬಾರಿಯ ನೈಸರ್ಗಿಕ ಖನಿಜದ ಬದಲು ಕೋಬಾಲ್ಟ್ ಆಕ್ಸೈಡ್ ಬಳಸುವುದನ್ನು ತೋರಿಸಿಕೊಟ್ಟರು. ಅಲ್ಲಿದ್ದದ್ದು ಕೆಲವೇ ತಿಂಗಳು. ಆದರೆ ಬುದ್ಧಿವಂತ ಕೈಗಳು ಎಷ್ಟಿದ್ದರೂ ಆ ಕೈಗಳಿಗೆ ಗೊತ್ತಿರುವುದನ್ನು ಲೆಕ್ಕವಾಗಿ, ಸೂತ್ರವಾಗಿ ಬರೆದು ಇನ್ನೊಬ್ಬರಿಗೆ ದಾಟಿಸುವ ಶಾಲೆ ಈ ದೇಶದಲ್ಲಿಲ್ಲ ಎಂಬುದು ಅವರ ಮನಸ್ಸಿನಲ್ಲಿ ಉಳಿಯಿತು. 1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೂ 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೂ ಜಪಾನಿನ ಸಲಹೆಗಾರರಾಗಿ ದುಡಿದ ಅವರು, ಕೈಗಾರಿಕೆಯ ಶಾಲೆಯೊಂದು ಬೇಕೇ ಬೇಕು ಎಂದು ಸರ್ಕಾರಕ್ಕೆ ಹೇಳುತ್ತಲೇ ಇದ್ದರು.

ಆ ಶಾಲೆ 1881ರ ಮೇ 26ರಂದು ಟೋಕಿಯೊದಲ್ಲಿ ಹುಟ್ಟಿತು. ಮುಂದೆ ಅದೇ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆಯಿತು. ಜಪಾನೀಯರ ಬಾಯಲ್ಲಿ ‘ತೋಕೋದಾಯಿ’.

ಕಣಜದ ಮುಂದೆ

ಶಾಲೆ ನಿಂತದ್ದು ಸುಮಿದಾ ನದಿಯ ದಡದ ಕುರಮಾಯೆಯಲ್ಲಿ. ‘ಕುರ’ ಎಂದರೆ ಕಣಜ, ‘ಮಾಯೆ’ ಎಂದರೆ ಮುಂದೆ. ಶೋಗನ್‌ಗಳ ಕಾಲದಲ್ಲಿ ದೋಣಿಗಳಲ್ಲಿ ಬಂದ ಅಕ್ಕಿಯನ್ನು ತುಂಬಿಡುತ್ತಿದ್ದ ಸರ್ಕಾರಿ ಉಗ್ರಾಣಗಳು ಅಲ್ಲಿದ್ದವು. ಹೆಸರು ಹಾಗೆ ಬಂತು.

ಮೊದಲ ಹೆಸರಿನಲ್ಲೇ ಅದರ ಉದ್ದೇಶವಿತ್ತು: ತೋಕ್ಯೊ ಶೊಕ್ಕೋ ಗಕ್ಕೋ, ಅಂದರೆ ಟೋಕಿಯೊ ಕಸುಬುದಾರರ ಶಾಲೆ. ದೊಡ್ಡ ಎಂಜಿನಿಯರುಗಳನ್ನು ತಯಾರು ಮಾಡಲು ಬೇರೆ ಕಾಲೇಜು ಆಗಲೇ ಇತ್ತು. ಕಾರ್ಖಾನೆಯ ಒಳಗೆ ನಿಂತು ಕೆಲಸ ಮಾಡಿಸುವ ಮೇಸ್ತ್ರಿಗಳು, ಕಸುಬು ಕಲಿಸುವ ಮೇಷ್ಟ್ರುಗಳು ಇರಲಿಲ್ಲ. ಆ ಕೊರತೆ ತುಂಬಲು ಕುರಮಾಯೆ ಶಾಲೆ ಬಂತು. ವಾಗೆನರ್ ಅಲ್ಲಿ ಪಿಂಗಾಣಿ ಮತ್ತು ಗಾಜಿನ ವಿಭಾಗ ಕಟ್ಟಿದರು, ಮೆರುಗಿನ ಅಡಿಯಲ್ಲಿ ಚಿತ್ರ ನಿಲ್ಲುವ ‘ಅಸಾಹಿ’ ಪಾತ್ರೆಗಳನ್ನು ರೂಪಿಸಿದರು. 1892ರಲ್ಲಿ ಟೋಕಿಯೊದಲ್ಲೇ ತೀರಿಕೊಂಡರು. ಅವರ ಸಮಾಧಿ ಅವೊಯಾಮಾ ಸ್ಮಶಾನದಲ್ಲಿದೆ.

ಅವರು ಬಿತ್ತಿದ್ದನ್ನು ಬೆಳೆಸಿದವರು ತೆಜಿಮಾ ಸೆಯಿಚಿ. ಯುವಕನಾಗಿದ್ದಾಗ ಅಮೆರಿಕ ನೋಡಿ ಬಂದ ತೆಜಿಮಾ 1890ರಲ್ಲಿ ಶಾಲೆಯ ಮುಖ್ಯಸ್ಥರಾದರು. ನಡುವೆ ಸ್ವಲ್ಪ ಕಾಲ ಬಿಟ್ಟರೆ 1916ರವರೆಗೂ ಆ ಹೊಣೆ ಹೊತ್ತರು. 1901ರಲ್ಲಿ ಅದು ಟೋಕಿಯೊ ಉನ್ನತ ತಾಂತ್ರಿಕ ಶಾಲೆಯಾಯಿತು. ‘ಕುರಮಾಯೆಯಲ್ಲಿ ಓದಿದವನು’ ಎಂದರೆ ಕಾರ್ಖಾನೆಯವರು ಕರೆದು ಕೂರಿಸುವ ಕಾಲ ಬಂತು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ಪ್ರವಾಸ ಮಾಡಿ ಬೆರಗಾಗಿ ಬಂದರಲ್ಲ, ಆ ಬೆರಗಿನ ಹಿಂದಿದ್ದ ಜಪಾನನ್ನು ಕಟ್ಟಿದ್ದು ಇಂಥ ಶಾಲೆಗಳೇ.

ಇಬ್ಬರು ಕುಂಬಾರರು

ಈ ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಎಂಜಿನಿಯರುಗಳಿಗಿಂತ ಮೊದಲು ಹೇಳಬೇಕಾದದ್ದು ಇಬ್ಬರು ಕುಂಬಾರರ ಹೆಸರನ್ನು. ಕವಾಯಿ ಕಾಂಜಿರೊ 1914ರಲ್ಲಿ, ಹಮಾದಾ ಶೋಜಿ 1916ರಲ್ಲಿ ಇಲ್ಲಿಂದ ಹೊರಬಂದರು. ಅವರಿಗೆ ಕಲಿಸಿದ ಇತಾಯಾ ಹಾಜಾನ್ ಸ್ವತಃ ದೊಡ್ಡ ಕಲಾವಿದರು. 1953ರಲ್ಲಿ ಜಪಾನಿನ ಸಂಸ್ಕೃತಿ ಪದಕ ಪಡೆದ ಮೊದಲ ಕುಂಬಾರ.

ಕುರಮಾಯೆಯಲ್ಲಿ ಮೆರುಗು ಎಂಬುದು ರಸಾಯನಶಾಸ್ತ್ರದ ಪಾಠವಾಗಿತ್ತು. ಯಾವ ಬೂದಿಯಲ್ಲಿ ಎಷ್ಟು ಸಿಲಿಕಾ, ಯಾವ ಕಲ್ಲಿನಲ್ಲಿ ಎಷ್ಟು ಕಬ್ಬಿಣ, ಎಷ್ಟು ಕಾವಿಗೆ ಯಾವ ಬಣ್ಣ ಏಳುತ್ತದೆ ಎಂದು ತೂಗಿ, ಸುಟ್ಟು, ಬರೆದಿಡುವುದು. ಗೆಳೆಯರಿಬ್ಬರೂ ಓದು ಮುಗಿಸಿ ಕ್ಯೋಟೊ ನಗರದ ಪಿಂಗಾಣಿ ಪ್ರಯೋಗಾಲಯ ಸೇರಿ ಮೆರುಗುಗಳ ಮೇಲೆ ಸಾವಿರಾರು ಪ್ರಯೋಗ ಮಾಡಿದರು. ಆಮೇಲೆ ಹಮಾದಾ 1920ರಲ್ಲಿ ಕುಂಬಾರ ಬರ್ನಾರ್ಡ್ ಲೀಚ್ ಜೊತೆ ಇಂಗ್ಲೆಂಡಿನ ಸೇಂಟ್ ಐವ್ಸ್‌ಗೆ ಹೋಗಿ ಆವಿಗೆ ಕಟ್ಟಿದರು. ಹಿಂತಿರುಗಿದ ಮೇಲೆ ಅವರು ನೆಲೆ ನಿಂತದ್ದು ಮಾಶಿಕೊ ಎಂಬ ಹಳ್ಳಿಯಲ್ಲಿ. ನೀರಿನ ಹರವಿ, ಉಪ್ಪಿನಕಾಯಿ ಭರಣಿ, ಅಡುಗೆ ಮನೆಯ ಬೋಗುಣಿ ಮಾಡುವ ಊರು ಅದು. ಅಲ್ಲಿನ ಒರಟು ಮಣ್ಣನ್ನೇ ತಿಗರಿಯ ಮೇಲಿಟ್ಟರು. ಅಲ್ಲಿನ ಕಲ್ಲಿನ ಪುಡಿ, ಭತ್ತದ ಹೊಟ್ಟಿನ ಬೂದಿ ಅವರ ಮೆರುಗಾದವು. ಪ್ರಯೋಗಾಲಯದ ಅಷ್ಟೂ ಲೆಕ್ಕ ಗೊತ್ತಿದ್ದ ಮನುಷ್ಯ, ಹಳ್ಳಿಯ ಕುಂಬಾರ ಸಾಲದೆಂದು ಬಿಟ್ಟದ್ದನ್ನು ಹುಡುಕಿಕೊಂಡು ಹೋದರು. ಚಿಂತಕ ಯಾನಾಗಿ ಸೋಯೆತ್ಸು ಅವರ ಜೊತೆ ಈ ಇಬ್ಬರೂ ಸೇರಿ ಕಟ್ಟಿದ ‘ಮಿಂಗೇಯಿ’ ಚಳವಳಿ, ಹೆಸರಿಲ್ಲದ ಕಸುಬುದಾರರ ದಿನಬಳಕೆಯ ವಸ್ತುಗಳಲ್ಲಿ ಸೌಂದರ್ಯವನ್ನು ಕಾಣಿಸಿತು.

1955ರಲ್ಲಿ ಸರ್ಕಾರ ಹಮಾದಾ ಅವರನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಗೌರವಿಸಿತು. ಕವಾಯಿ ಅವರಿಗೂ ಅದೇ ಗೌರವ ಕೊಡಬಂದಾಗ ಅವರು ಬೇಡವೆಂದರು. ಹಮಾದಾ ಅವರ ಶಿಷ್ಯ ಶಿಮಾವೊಕಾ ತಾತ್ಸುಜೊ ಕೂಡ ಇದೇ ಸಂಸ್ಥೆಯಲ್ಲಿ 1941ರಲ್ಲಿ ಪಿಂಗಾಣಿ ಶಾಸ್ತ್ರ ಓದಿ ಮುಗಿಸಿದವರು. ಯುದ್ಧಕ್ಕಾಗಿ ಬರ್ಮಾಕ್ಕೆ ಹೋಗಿ ಬದುಕಿ ಬಂದು ಮಾಶಿಕೊದಲ್ಲಿ ಗುರುವಿನ ಮನೆ ಸೇರಿದರು. 1996ರಲ್ಲಿ ಅವರೂ ರಾಷ್ಟ್ರೀಯ ನಿಧಿಯಾದರು.

ಬೆಂಕಿ

1923ರ ಸೆಪ್ಟೆಂಬರ್ 1, ಮಧ್ಯಾಹ್ನಕ್ಕೆ ಎರಡು ನಿಮಿಷವಿತ್ತು. ಟೋಕಿಯೊದ ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಭೂಮಿ ನಡುಗಿ ಒಲೆಗಳು ಉರುಳಿದವು. ಮರ ಮತ್ತು ಕಾಗದದ ಮನೆಗಳಿಗೆ ಕಿಚ್ಚು ಹತ್ತಿತು. ಗಾಳಿ ಜೋರಾಗಿತ್ತು. ಆ ಮಹಾ ಭೂಕಂಪದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಬೆಂಕಿಗೆ. ಕುರಮಾಯೆಯ ಶಾಲೆಯೂ ಬೂದಿಯಾಯಿತು. ನಾಲ್ಕು ದಶಕ ಕೂಡಿಟ್ಟಿದ್ದ ಯಂತ್ರ, ಆವಿಗೆ, ಪುಸ್ತಕ ಯಾವುದೂ ಉಳಿಯಲಿಲ್ಲ.

ಮರುವರ್ಷ ಶಾಲೆ ನಗರದ ದಕ್ಷಿಣ ಅಂಚಿನ ಓಕಾಯಾಮಾಗೆ ಹೋಯಿತು. 1929ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಪದವಿ ಸಿಕ್ಕಿತು. ಕಸುಬುದಾರರ ಶಾಲೆ ಆ ಹೊತ್ತಿಗೆ ಸಾಕಷ್ಟು ಎತ್ತರಕ್ಕೆ ಬಂದಿತ್ತು. ಅದರ ಮೊದಲ ದೊಡ್ಡ ಶೋಧ ಹೊರಬಂದದ್ದು ಮಾತ್ರ ಹಳೆಯ ಆವಿಗೆಯ ದಾರಿಯಲ್ಲೇ.

ತುಕ್ಕಿನ ಅಯಸ್ಕಾಂತ

ವಿದ್ಯುತ್ ರಸಾಯನ ವಿಭಾಗದ ಕಾತೊ ಯೊಗೊರೊ ತಮ್ಮ ಕಿರಿಯ ಸಹೋದ್ಯೋಗಿ ತಾಕೆಯಿ ತಾಕೆಶಿಗೆ ಸತುವಿನ ಅದಿರಿನ ಸಮಸ್ಯೆಯೊಂದನ್ನು ಒಪ್ಪಿಸಿದ್ದರು. ಅದಿರಿನಿಂದ ಸತು ತೆಗೆಯುವಾಗ ಅದರಲ್ಲಿದ್ದ ಕಬ್ಬಿಣ ಸೇರಿಕೊಂಡು ‘ಫೆರೈಟ್’ ಎಂಬ ಸಂಯುಕ್ತವಾಗುತ್ತಿತ್ತು, ಸತು ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಕಾರ್ಖಾನೆಯ ಪಾಲಿಗೆ ಅದೊಂದು ಪೀಡೆ. ತಾಕೆಯಿ ಅದರ ಸ್ವಭಾವ ಅರಿಯಲು ಬೇರೆ ಬೇರೆ ಲೋಹಗಳ ಫೆರೈಟ್‌ಗಳನ್ನು ಸುಟ್ಟು ಮಾಡಿ, ಒಂದೊಂದನ್ನೂ ಅಯಸ್ಕಾಂತೀಯ ಕ್ಷೇತ್ರದಲ್ಲಿಟ್ಟು ಅಳೆಯುತ್ತಾ ಹೋದರು.

1930ರಲ್ಲಿ ಒಂದು ದಿನ ಅಳತೆ ಮುಗಿಸಿದವರು ಉಪಕರಣದ ಸ್ವಿಚ್ ಆರಿಸಲು ಮರೆತರು. ಬಿಸಿಯಾಗಿದ್ದ ಕೋಬಾಲ್ಟ್ ಫೆರೈಟ್ ತುಂಡು ಅಯಸ್ಕಾಂತೀಯ ಕ್ಷೇತ್ರದೊಳಗೇ ತಣ್ಣಗಾಯಿತು. ಆಮೇಲೆ ನೋಡಿದರೆ ಅದು ಬಲವಾದ ಕಾಯಂ ಅಯಸ್ಕಾಂತ! ಬೇರೆಯವರಾದರೆ ಮಾದರಿ ಕೆಟ್ಟಿತೆಂದು ಎಸೆಯುತ್ತಿದ್ದರೇನೋ. ತಾಕೆಯಿ ಅದರ ಬೆನ್ನು ಹತ್ತಿದರು. ಅದೇ ಅಧ್ಯಯನದಲ್ಲಿ ತಾಮ್ರ ಮತ್ತು ಸತು ಬೆರೆತ ಇನ್ನೊಂದು ಬಗೆಯ ಫೆರೈಟ್ ಸಿಕ್ಕಿತು: ಬೇಗ ಅಯಸ್ಕಾಂತವಾಗಿ, ಅಷ್ಟೇ ಬೇಗ ಆ ಗುಣ ಬಿಟ್ಟುಕೊಡುವಂಥದು.

ಇದರ ಬೆಲೆ ತಿಳಿಯಲು ರೇಡಿಯೊದ ಒಳಗೆ ಇಣುಕಬೇಕು. ಕಬ್ಬಿಣದ ತಿರುಳಿನ ಸುತ್ತ ತಂತಿ ಸುತ್ತಿ ವೇಗವಾಗಿ ಹೊಯ್ದಾಡುವ ವಿದ್ಯುತ್ ಹರಿಸಿದರೆ, ಕಬ್ಬಿಣದೊಳಗೇ ಸುಳಿ ಸುಳಿಯಾಗಿ ಕರೆಂಟ್ ಹರಿದು ಶಕ್ತಿಯೆಲ್ಲ ಬಿಸಿಯಾಗಿ ಹಾಳಾಗುತ್ತದೆ. ಫೆರೈಟ್ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ಬಂಧು. ಅದನ್ನು ಪಿಂಗಾಣಿಯಂತೆ ಅಚ್ಚು ಹಾಕಿ ಸುಡುತ್ತಾರೆ. ಅದು ಅಯಸ್ಕಾಂತವೂ ಹೌದು, ಕರೆಂಟನ್ನು ಹರಿಯಗೊಡದ ವಸ್ತುವೂ ಹೌದು. ಸುಳಿಗಳಿಗೆ ಅಲ್ಲಿ ಎಡೆಯಿಲ್ಲ.

ಅಕಿತಾ ಪ್ರಾಂತದ ಸಾಯಿತೊ ಕೆಂಜೊ ಎಂಬ ಉದ್ಯಮಿ ಕಾತೊ ಅವರನ್ನು ಕಂಡು, ಈ ಶೋಧವನ್ನು ನಂಬಿ 1935ರ ಡಿಸೆಂಬರಿನಲ್ಲಿ ಕಂಪನಿ ತೆರೆದರು. ಫೆರೈಟ್ ಹುಟ್ಟಿದ ವಿದ್ಯುತ್ ರಸಾಯನ ವಿಭಾಗದ ನೆನಪಿಗೆ ತೋಕ್ಯೊ ದೆಂಕಿ ಕಾಗಾಕು ಎಂದು ಹೆಸರಿಟ್ಟರು. ಮೂರು ಪದಗಳ ಮೊದಲಕ್ಷರ ಸೇರಿಸಿದರೆ ಟಿಡಿಕೆ. ಎಂಬತ್ತು, ತೊಂಬತ್ತರ ದಶಕದಲ್ಲಿ ತಾಳಮದ್ದಳೆಯನ್ನೋ ಭಾವಗೀತೆಯನ್ನೋ ರೆಕಾರ್ಡ್ ಮಾಡಿಕೊಳ್ಳಲು ಖಾಲಿ ಟಿಡಿಕೆ ಕ್ಯಾಸೆಟ್ ಕೊಂಡು ತಂದ ಕನ್ನಡಿಗರಿಗೆ ಆ ಮೂರಕ್ಷರ ಗೊತ್ತು. ಕ್ಯಾಸೆಟ್ಟಿನ ಕಂದು ಪಟ್ಟಿಗೆ ಬಳಿದಿರುತ್ತಿದ್ದದ್ದೂ ಕಬ್ಬಿಣದ ಆಕ್ಸೈಡೇ. ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿದಾಗ ಕಾಣುತ್ತಿದ್ದ, ತಾಮ್ರದ ತಂತಿ ಸುತ್ತಿದ ಕಪ್ಪು ಕಡ್ಡಿ ಫೆರೈಟಿನದು. ಕಂಪ್ಯೂಟರಿನ ಕೇಬಲ್ಲಿನ ತುದಿಯಲ್ಲಿರುವ ದಪ್ಪ ಗಂಟಿನೊಳಗೆ ಇವತ್ತಿಗೂ ಅದೇ ಇದೆ.

ಕಾತೊ ತಮ್ಮ ಪೇಟೆಂಟುಗಳಿಂದ ಬಂದ ಹಣವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಆ ಹಣದಿಂದ 1939ರಲ್ಲಿ ಸಂಪನ್ಮೂಲ ರಸಾಯನ ಸಂಶೋಧನಾಲಯ ಎದ್ದಿತು. ಮುಂದಿನ ಕಥೆ ನಡೆಯುವುದು ಅಲ್ಲೇ.

ಸಾವಿರ ಪಟ್ಟು ತಪ್ಪು

1967ರ ಶರತ್ಕಾಲ. ಶಿರಾಕಾವಾ ಹಿದೆಕಿ ಆ ಸಂಶೋಧನಾಲಯದಲ್ಲಿ ಸಹಾಯಕ; ಹಿಂದಿನ ವರ್ಷವಷ್ಟೇ ಇದೇ ಸಂಸ್ಥೆಯಿಂದ ಡಾಕ್ಟರೇಟ್ ಪಡೆದಿದ್ದರು. ಅಸಿಟಲೀನ್ ಅನಿಲದ ಅಣುಗಳನ್ನು ಸರಪಳಿಯಾಗಿ ಹೆಣೆದು ಪಾಲಿಅಸಿಟಲೀನ್ ಮಾಡುವುದು ಅವರ ಕೆಲಸ. ಅದು ಯಾವಾಗಲೂ ಕಪ್ಪು ಪುಡಿಯಾಗಿ ಬರುತ್ತಿತ್ತು. ಕರಗದು, ಅಚ್ಚಿಗೆ ಬಾರದು.

ಕೊರಿಯಾದಿಂದ ಬಂದಿದ್ದ ಸಂಶೋಧಕರೊಬ್ಬರಿಗೆ ಶಿರಾಕಾವಾ ಆ ಪ್ರಯೋಗದ ವಿಧಾನ ಬರೆದುಕೊಟ್ಟರು. ಅವರು ಮಾಡಿ ನೋಡಿದಾಗ ಪುಡಿ ಬರಲಿಲ್ಲ. ದ್ರಾವಣದ ಮೇಲೆ ಚಿಂದಿ ಚಿಂದಿಯಾದ ಪೊರೆ ತೇಲುತ್ತಿತ್ತು. ಎಲ್ಲಿ ತಪ್ಪಿತೆಂದು ಶಿರಾಕಾವಾ ಹಿಂದಿನಿಂದ ಲೆಕ್ಕ ಹಾಕಿದರು. ವೇಗವರ್ಧಕವನ್ನು ಬೇಕಾದ್ದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಹಾಕಲಾಗಿತ್ತು; ‘ಮಿಲಿ’ ಎಂಬ ಎರಡಕ್ಷರ ಎಲ್ಲೋ ಬಿಟ್ಟುಹೋಗಿತ್ತು.

ಆ ಚಿಂದಿಯನ್ನು ಅವರು ಎಸೆಯಲಿಲ್ಲ. ಅದೇ ತಪ್ಪನ್ನು ಬೇಕೆಂದೇ, ಹದವರಿತು ಮತ್ತೆ ಮತ್ತೆ ಮಾಡಿ, ಬೆಳ್ಳಿಯಂತೆ ಹೊಳೆಯುವ, ಹಾಳೆಯಂತೆ ಬಾಗುವ ಪೊರೆ ತೆಗೆದರು. ಲೋಹದಂತೆ ಕಂಡರೂ ಅದರಲ್ಲಿ ಕರೆಂಟ್ ಸರಿಯಾಗಿ ಹರಿಯುತ್ತಿರಲಿಲ್ಲ. ಎಂಟು ವರ್ಷ ಅದು ಆ ಪ್ರಯೋಗಾಲಯದಾಚೆಗೆ ಹೆಚ್ಚಿನವರಿಗೆ ಬೇಡದ ವಸ್ತುವಾಗಿಯೇ ಉಳಿಯಿತು.

1975ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ಡೈರ್ಮಿಡ್ ಟೋಕಿಯೊಗೆ ಬಂದರು. ಅವರು ಚಿನ್ನದಂತೆ ಹೊಳೆಯುವ ತಮ್ಮ ಅಲೋಹ ವಸ್ತುವಿನ ಬಗ್ಗೆ ಹೇಳಿದರು. ವಿರಾಮದ ಹೊತ್ತಿನಲ್ಲಿ ಶಿರಾಕಾವಾ ತಮ್ಮ ಬೆಳ್ಳಿ ಪೊರೆ ತೋರಿಸಿದರು. ಮ್ಯಾಕ್‌ಡೈರ್ಮಿಡ್ ಅವರನ್ನು ಅಮೆರಿಕಕ್ಕೇ ಕರೆದರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಜೊತೆಗೂಡಿದರು. 1976ರ ನವೆಂಬರಿನಲ್ಲಿ ಪೊರೆಗೆ ಹ್ಯಾಲೊಜನ್ ಆವಿ ಸೋಕಿಸಿದಾಗ ಅದರ ವಾಹಕತೆ ಕೋಟಿ ಪಟ್ಟು ಏರಿತು. ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯದೆಂಬ ನಂಬಿಕೆ ಅಲ್ಲಿಗೆ ಮುಗಿಯಿತು. 2000ದಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಡಾಕ್ಟರೇಟ್ ಆದ ಮೇಲೆ ಈ ಸಂಸ್ಥೆಯಲ್ಲಿದ್ದ ಹದಿಮೂರು ವರ್ಷವೂ ಶಿರಾಕಾವಾ ಸಹಾಯಕರಾಗಿಯೇ ಇದ್ದರು. 1979ರಲ್ಲಿ ತ್ಸುಕುಬಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು.

ಮೇಲಕ್ಕೆ ಹೊಮ್ಮಿದ ಬೆಳಕು

ಓಕಾಯಾಮಾ ಕ್ಯಾಂಪಸ್ಸಿನ ಇನ್ನೊಂದು ಮೂಲೆಯಲ್ಲಿ ಬೆಳಕಿನ ಕೆಲಸ ನಡೆದಿತ್ತು. 1963ರ ಮೇ ತಿಂಗಳ ವಿಶ್ವವಿದ್ಯಾಲಯದ ಉತ್ಸವದಲ್ಲಿ ಸುಯೆಮಾತ್ಸು ಯಾಸುಹಾರು ವಿದ್ಯಾರ್ಥಿಗಳೊಂದಿಗೆ ಲೇಸರ್ ಬೆಳಕಿಗೆ ಧ್ವನಿ ಹೊರಿಸಿ ಗಾಜಿನ ಎಳೆಗಳ ಮೂಲಕ ಕಳಿಸಿ ತೋರಿಸಿದರು. ಗಾಜಿನ ಎಳೆಯಲ್ಲಿ ದೂರಸಂಪರ್ಕ ಸಾಧ್ಯವೆಂದು ವಿಜ್ಞಾನಿ ಚಾರ್ಲ್ಸ್ ಕಾವೊ ಪ್ರಬಂಧ ಬರೆಯುವುದಕ್ಕೆ ಇನ್ನೂ ಮೂರು ವರ್ಷವಿತ್ತು. ಮುಂದೆ ಸುಯೆಮಾತ್ಸು ರೂಪಿಸಿದ ಏಕತರಂಗದ ಲೇಸರ್ ದೂರದೂರದ ಆಪ್ಟಿಕಲ್ ಫೈಬರ್ ಸಂಪರ್ಕಕ್ಕೆ ಬೆನ್ನೆಲುಬಾಯಿತು.

ಅವರ ಶಿಷ್ಯ ಇಗಾ ಕೆನಿಚಿಗೆ 1977ರ ಮಾರ್ಚ್ 22ರಂದು ಒಂದು ವಿಚಾರ ಹೊಳೆಯಿತು. ಆಗಿನ ಸಣ್ಣ ಲೇಸರುಗಳಲ್ಲಿ ಬೆಳಕು ಚಿಪ್ಪಿನ ಅಂಚಿನಿಂದ ಹೊರಡುತ್ತಿತ್ತು. ಒಂದೊಂದನ್ನೂ ಸೀಳಿ ತೆಗೆದ ಮೇಲೆಯೇ ಪರೀಕ್ಷೆ. ಬೆಳಕು ನೇರವಾಗಿ ಮೇಲಕ್ಕೆ ಹೊಮ್ಮುವಂತೆ ಮಾಡಿದರೆ ಒಂದೇ ಬಿಲ್ಲೆಯ ಮೇಲೆ ಸಾವಿರಾರು ಲೇಸರುಗಳನ್ನು ಒಟ್ಟಿಗೇ ಮಾಡಿ, ಒಟ್ಟಿಗೇ ಪರೀಕ್ಷಿಸಬಹುದು. ಇಗಾ ಅದನ್ನು ನೋಟ್‌ಬುಕ್ಕಿನಲ್ಲಿ ಗೀಚಿಟ್ಟರು. ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗುವ ಅಂಥ ಲೇಸರ್ ಕೈಗೆ ಬಂದದ್ದು 1988ರಲ್ಲಿ. ಇಂದು ಕಂಪ್ಯೂಟರ್ ಮೌಸ್‌ನಲ್ಲಿ, ಡೇಟಾ ಸೆಂಟರಿನಲ್ಲಿ, ಮುಖ ನೋಡಿ ಬೀಗ ತೆರೆಯುವ ಫೋನಿನಲ್ಲಿ ಮಿನುಗುವುದು ಅದೇ. ಗುರುಶಿಷ್ಯರಿಬ್ಬರೂ ಬೇರೆ ಬೇರೆ ಕಾಲದಲ್ಲಿ ಈ ಸಂಸ್ಥೆಯ ಅಧ್ಯಕ್ಷರಾದರು.

ಒಣಮೀನಿನ ದೋಕೊ

ಕಾರ್ಖಾನೆಗೆ ಹೋದವರಲ್ಲಿ ದೋಕೊ ತೋಶಿಯೊ ಅವರನ್ನು ಜಪಾನ್ ಮರೆತಿಲ್ಲ. 1920ರಲ್ಲಿ ಕುರಮಾಯೆಯಿಂದ ಹೊರಬಿದ್ದು ಇಶಿಕಾವಾಜಿಮಾ ಹಡಗುಕಟ್ಟೆ ಸೇರಿ ಟರ್ಬೈನ್ ಕೆಲಸದಲ್ಲಿ ಮುಳುಗಿದವರು. 1965ರಲ್ಲಿ ಸೊರಗಿದ್ದ ತೋಶಿಬಾ ಕಂಪನಿಯನ್ನು ಎತ್ತಿ ನಿಲ್ಲಿಸಲು ಅಧ್ಯಕ್ಷರಾದರು. ಆಮೇಲೆ ಇಡೀ ದೇಶದ ಉದ್ಯಮಿಗಳ ಒಕ್ಕೂಟದ ಮುಖ್ಯಸ್ಥ. 1981ರಲ್ಲಿ ಸರ್ಕಾರದ ಖರ್ಚು ಇಳಿಸುವ ಆಯೋಗದ ಹೊಣೆ ಹೊತ್ತ ಮೇಲೆ ಟಿವಿಯವರು ಅವರ ಮನೆಯ ರಾತ್ರಿಯೂಟ ತೋರಿಸಿದರು: ಒಣಮೀನು, ಸೊಪ್ಪು, ಮಿಸೊ ಸಾರು, ಪಾಲಿಶ್ ಮಾಡದ ಅಕ್ಕಿಯ ಅನ್ನ. ಜನ ಅವರನ್ನು ‘ಒಣಮೀನಿನ ದೋಕೊ’ ಎಂದೇ ಕರೆದರು. ಸಂಬಳದ ಬಹುಭಾಗ ಅವರ ತಾಯಿ ತೊಮಿ ಕಟ್ಟಿದ ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಿತ್ತು.

2011, ಮಾರ್ಚ್ 12

ಇದೇ ಸಂಸ್ಥೆಯ ಇಬ್ಬರು ಹಳೆಯ ವಿದ್ಯಾರ್ಥಿಗಳು ಎದುರುಬದುರಾದ ಒಂದು ಬೆಳಗನ್ನು ಜಪಾನಿನ ಇತಿಹಾಸ ಮರೆಯಲಾರದು. ಹಿಂದಿನ ದಿನ ಮಧ್ಯಾಹ್ನದ ಭೂಕಂಪ, ಸುನಾಮಿಗೆ ಸಿಕ್ಕ ಫುಕುಶಿಮಾ ದಾಯಿಚಿ ಅಣುಸ್ಥಾವರದಲ್ಲಿ ವಿದ್ಯುತ್ ನಿಂತು ರಿಯಾಕ್ಟರುಗಳು ಕುದಿಯುತ್ತಿದ್ದವು. ಬೆಳಗಿನ ಏಳರ ಸುಮಾರಿಗೆ ಹೆಲಿಕಾಪ್ಟರಿನಿಂದ ಇಳಿದವರು ಪ್ರಧಾನಿ ಕಾನ್ ನಾವೊತೊ, 1970ರಲ್ಲಿ ಅನ್ವಯಿಕ ಭೌತಶಾಸ್ತ್ರ ಓದಿ ಮುಗಿಸಿದವರು. ಎದುರುಗೊಂಡವರು ಸ್ಥಾವರದ ಮುಖ್ಯಸ್ಥ ಯೊಶಿದಾ ಮಸಾವೊ, 1979ರಲ್ಲಿ ಅಣುವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದವರು.

ಪ್ರಧಾನಿ ಅಲ್ಲಿಗೆ ಹೋದದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಅಂದು ಮಧ್ಯಾಹ್ನ 3:36ಕ್ಕೆ ಒಂದನೇ ರಿಯಾಕ್ಟರಿನ ಕಟ್ಟಡ ಹೈಡ್ರೋಜನ್ ಸ್ಫೋಟದಲ್ಲಿ ಹಾರಿಹೋಯಿತು. ಸಂಜೆ ಸಮುದ್ರದ ನೀರು ಹಾಯಿಸಲು ಶುರು ಮಾಡಿದಾಗ, ಪ್ರಧಾನಿ ಕಚೇರಿಯ ಒಪ್ಪಿಗೆ ಬಂದಿಲ್ಲ, ನಿಲ್ಲಿಸಿ ಎಂದು ಸ್ಥಾವರ ನಡೆಸುತ್ತಿದ್ದ ಕಂಪನಿಯ ಮುಖ್ಯ ಕಚೇರಿ ಹೇಳಿತು. ಯೊಶಿದಾ ಎಲ್ಲರೂ ಕೇಳುವಂತೆ ನಿಲ್ಲಿಸಲು ಆಜ್ಞೆ ಕೊಟ್ಟರು. ಅದಕ್ಕೆ ಮೊದಲೇ ತಮ್ಮ ಸಿಬ್ಬಂದಿಯೊಬ್ಬನನ್ನು ಹತ್ತಿರ ಕರೆದು, ನಾನು ಏನೇ ಹೇಳಲಿ ನೀರು ನಿಲ್ಲಿಸಬೇಡ ಎಂದು ಮೆಲ್ಲಗೆ ತಿಳಿಸಿದ್ದರು. ನೀರು ಹರಿಯುತ್ತಲೇ ಇತ್ತು.

ಇದೇ ಯೊಶಿದಾ 2008ರಲ್ಲಿ ಮುಖ್ಯ ಕಚೇರಿಯ ಸಂಬಂಧಿತ ವಿಭಾಗದ ಮುಖ್ಯಸ್ಥರಾಗಿದ್ದಾಗ, 15.7 ಮೀಟರ್ ಎತ್ತರದ ಸುನಾಮಿ ಬರಬಹುದೆಂಬ ಅಂದಾಜು ಮೇಜಿನ ಮೇಲೆ ಬಂದಿತ್ತು. ತಡೆಗೋಡೆ ಏರಲಿಲ್ಲ. ಆ ಭಾರವನ್ನೂ ಧೈರ್ಯವನ್ನೂ ಒಟ್ಟಿಗೇ ಹೊತ್ತ ಅವರು 2013ರ ಜುಲೈನಲ್ಲಿ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡರು. ಕಾನ್ ಅಧಿಕಾರ ಬಿಟ್ಟ ಮೇಲೆ ಅಣುವಿದ್ಯುತ್ತಿನ ವಿರುದ್ಧ ದನಿ ಎತ್ತಿದರು.

ಸಿಮೆಂಟು ಮತ್ತು ತಿಪ್ಪೆ

ಹೊಸ ಶತಮಾನದಲ್ಲೂ ಇಲ್ಲಿನವರ ಕಣ್ಣು ಹೋದದ್ದು ಕಾಲಡಿಯ ವಸ್ತುಗಳ ಮೇಲೇ. ಪ್ರಾಧ್ಯಾಪಕ ಹೊಸೊನೊ ಹಿದೆಯೊ ಸಿಮೆಂಟಿನಲ್ಲಿರುವ ಸುಣ್ಣ ಮತ್ತು ಅಲ್ಯುಮಿನಾದ ಸಂಯುಕ್ತವೊಂದನ್ನು ಹಿಡಿದು ಅದರಲ್ಲಿ ಕರೆಂಟ್ ಹರಿಸಿದರು. 2004ರಲ್ಲಿ ಇಂಡಿಯಂ, ಗ್ಯಾಲಿಯಂ, ಸತುವಿನ ಆಕ್ಸೈಡಿನಿಂದ ಬಾಗುವ ಪ್ಲಾಸ್ಟಿಕ್ ಮೇಲೆ ಪಾರದರ್ಶಕ ಟ್ರಾನ್ಸಿಸ್ಟರ್ ಮಾಡಿದರು. ಟಿವಿ, ಟ್ಯಾಬ್ಲೆಟ್ ಪರದೆಗಳ ಹಿಂದೆ ಈಗ ಅದು ಕೆಲಸ ಮಾಡುತ್ತಿದೆ. ಕಬ್ಬಿಣವಿದ್ದಲ್ಲಿ ಅತಿವಾಹಕತೆ (ತಡೆಯೇ ಇಲ್ಲದೆ ಕರೆಂಟ್ ಹರಿಯುವ ಗುಣ) ಸುಳಿಯದು ಎಂಬ ನಂಬಿಕೆಯನ್ನೂ 2008ರಲ್ಲಿ ಅವರ ತಂಡ ಅಲುಗಿಸಿತು: ಕಬ್ಬಿಣದ ಸಂಯುಕ್ತವೊಂದು 26 ಕೆಲ್ವಿನ್‌ನಲ್ಲೇ ಅತಿವಾಹಕವಾಯಿತು.

2009ರಲ್ಲಿ, ಹಿಂದಿನ ಸಂಸ್ಥೆಯಲ್ಲಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಓಸುಮಿ ಯೊಶಿನೊರಿ ಇಲ್ಲಿಗೆ ಬಂದರು. ಯೀಸ್ಟ್ ಜೀವಕೋಶದೊಳಗಿನ ವ್ಯಾಕ್ಯೂಲ್ ಎಂಬ ಚೀಲವನ್ನು ಬಹುಕಾಲ ಎಲ್ಲರೂ ಕೋಶದ ತಿಪ್ಪೆ ಎಂದೇ ಬಗೆದಿದ್ದರು. ಅದನ್ನು ಓದಲು ಪೈಪೋಟಿ ಇರಲಿಲ್ಲ. ಓಸುಮಿ ಅದನ್ನೇ ಆರಿಸಿಕೊಂಡಿದ್ದರು. 1988ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿದ್ದಾಗ, ಹಸಿದ ಯೀಸ್ಟ್ ತನ್ನದೇ ಚೂರುಗಳನ್ನು ಪೊಟ್ಟಣ ಕಟ್ಟಿ ಆ ತಿಪ್ಪೆಗೆ ಸಾಗಿಸಿ, ಕರಗಿಸಿ ಮತ್ತೆ ಬಳಸಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಆಟೊಫಜಿ ಎಂಬ ಆ ಕ್ರಿಯೆಯ ಗುಟ್ಟು ಬಿಡಿಸಿದ್ದಕ್ಕೆ 2016ರ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಸಂದಿತು. ಮರುವರ್ಷವೇ ಅವರು ಮೂಲ ವಿಜ್ಞಾನಕ್ಕೆ ನೆರವಾಗಲು ಪ್ರತಿಷ್ಠಾನವೊಂದನ್ನು ತೆರೆದರು.

2024ರ ಅಕ್ಟೋಬರ್ 1ರಂದು ಈ ಸಂಸ್ಥೆ ಟೋಕಿಯೊದ ವೈದ್ಯಕೀಯ ಮತ್ತು ದಂತವೈದ್ಯಕೀಯ ವಿಶ್ವವಿದ್ಯಾಲಯದೊಂದಿಗೆ ಕೂಡಿಕೊಂಡು ‘ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಟೋಕಿಯೊ’ ಆಯಿತು. 143 ವರ್ಷದಲ್ಲಿ ಕಸುಬುದಾರರ ಶಾಲೆಗೆ ಇದು ಮತ್ತೊಂದು ಹೆಸರು. ಹಳೆಯ ವಿದ್ಯಾರ್ಥಿಗಳ ಸಂಘ ಮಾತ್ರ ಇವತ್ತಿಗೂ ‘ಕುರಮಾಯೆ ಕೋಗ್ಯೋಕಾಯಿ’. ಓಕಾಯಾಮಾ ರೈಲು ನಿಲ್ದಾಣದಿಂದ ಹೊರಬಂದರೆ ಎದುರಿಗೇ ಅವರ ಭವನ. ಅದರ ಮೇಲಿರುವುದೂ ಕುರಮಾಯೆ ಎಂಬ ಹೆಸರೇ. ಕಣಜಗಳೂ ಶಾಲೆಯೂ ಇದ್ದ ಆ ಜಾಗ ಅಲ್ಲಿಂದ ದೂರ, ಊರಿನ ಇನ್ನೊಂದು ಬದಿಯಲ್ಲಿ, ಸುಮಿದಾ ನದಿಯ ದಡದಲ್ಲಿದೆ.